ಎಕರೆಗೆ ನಲವತ್ತು ಗುಂಟೆ: ವೆಬ್ ಪುಟದ ಘಟಕವನ್ನು ನಾವೇ ಕಟ್ಟಬೇಕಾದದ್ದು ಯಾವಾಗ?



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಜಾನಪದ ಇವುಗಳ ಮೇಲೆ ಮಾತಾಡುವುದು ವಾಡಿಕೆ. ಜಾನಪದ ಲೋಕ ಇರುವ ರಾಮನಗರದಲ್ಲಿ ವೆಬ್ ಪುಟಗಳ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಕರೆದವರ ಧೈರ್ಯ ದೊಡ್ಡದು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಇನ್ನೊಂದೆರಡು ವರ್ಷದಲ್ಲಿ ರಾಮನಗರ, ಚನ್ನಪಟ್ಟಣದಿಂದ ರೈಲು ಹತ್ತಿಯೋ, ಕನಕಪುರ, ಮಾಗಡಿಯಿಂದ ಬಸ್ಸು ಹಿಡಿದೋ ಬೆಂಗಳೂರಿಗೆ ಈ ಕೆಲಸಕ್ಕೇ ಹೋಗುವವರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರಾದರೂ ಬಂದು 'ಇದಕ್ಕೊಂದು ಕಸ್ಟಮ್ ಕಾಂಪೊನೆಂಟ್ ಮಾಡಿಬಿಡು' ಎನ್ನುತ್ತಾರೆ. ಆಗ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬುದೇ ಇವತ್ತಿನ ಮಾತು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ವ್ಯವಹಾರದ ಯಾವುದೋ ಒಂದು ನಿಯಮ ಬ್ರೌಸರಿಗೆ ಗೊತ್ತಿಲ್ಲ, ಆ ನಿಯಮ ಹತ್ತಾರು ಪುಟಗಳಲ್ಲಿ ಮತ್ತೆ ಮತ್ತೆ ಬೇಕಾಗುತ್ತದೆ ಎನ್ನುವಾಗ ಕಟ್ಟಿ. ಚೆಂದ ಕಾಣಲಿ ಎಂಬ ಒಂದೇ ಕಾರಣಕ್ಕೆ ಕಟ್ಟಬೇಡಿ.

ಈ ಕ್ಷೇತ್ರದವರಲ್ಲದವರಿಗಾಗಿ ನಾಲ್ಕು ಮಾತು. ವೆಬ್ ಪುಟದಲ್ಲಿ ಬಟನ್ನು, ಬರೆಯುವ ಪೆಟ್ಟಿಗೆ, ಆಯ್ಕೆ ಪಟ್ಟಿ ಇವೆಲ್ಲ ಬ್ರೌಸರಿಗೆ ಹುಟ್ಟಿನಿಂದಲೇ ಗೊತ್ತು. ಬಟನ್ನು ಎಂದು ಬರೆದರೆ ಸಾಕು, ಅದನ್ನು ಒತ್ತುವುದು ಹೇಗೆ, ಕೀಲಿಮಣೆಯಿಂದ ತಲುಪುವುದು ಹೇಗೆ, ಕಣ್ಣು ಕಾಣದವರಿಗೆ ಓದಿ ಹೇಳುವುದು ಹೇಗೆ ಎಂಬುದನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಇವು ಸಾಲದಾದಾಗ ನಾವೇ ಹೊಸ ಟ್ಯಾಗೊಂದನ್ನು ಹೆಸರಿಟ್ಟು, ನಡತೆ ಕಲಿಸಿ, ಎಲ್ಲಿ ಬೇಕಾದರೂ ಇಡುವ ಹಾಗೆ ಮಾಡಬಹುದು. ಕಸ್ಟಮ್ ಕಾಂಪೊನೆಂಟ್, ಅಂದರೆ ಘಟಕ, ಎಂದರೆ ಇದೇ. 2011ರಲ್ಲಿ ಅಲೆಕ್ಸ್ ರಸೆಲ್ ಎಂಬ ಎಂಜಿನಿಯರು ಒಂದು ಸಮ್ಮೇಳನದಲ್ಲಿ ಈ ಆಲೋಚನೆಯನ್ನು ಮಂಡಿಸಿದರು. ಅದು ಈಗಿನ ರೂಪಕ್ಕೆ ಬಂದು ಕ್ರೋಮ್‌ಗೆ ಸೇರಿದ್ದು 2016ರಲ್ಲಿ, ಸಫಾರಿಗೆ 2017ರಲ್ಲಿ, ಫೈರ್‌ಫಾಕ್ಸ್‌ಗೆ 2018ರಲ್ಲಿ. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿನ ಒಳಗನ್ನು ಕ್ರೋಮಿನ ಬುನಾದಿಯಾದ ಕ್ರೋಮಿಯಂಗೆ ಬದಲಿಸಿದ ಮೇಲೆ ಅಲ್ಲೂ ಬಂತು. ರಿಯಾಕ್ಟ್‌ನಂಥ ಚೌಕಟ್ಟುಗಳಲ್ಲಿ ಘಟಕ ಕಟ್ಟುವ ದಾರಿ ಬೇರೆ, ಆದರೆ ಯಾವಾಗ ಕಟ್ಟಬೇಕು ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ. ನಡುವೆ ಒಂದು ಸಣ್ಣ ಖುಷಿಯ ವಿಷಯ: ನಾವು ಕಟ್ಟುವ ಟ್ಯಾಗಿನ ಹೆಸರು ಇಂಗ್ಲಿಷಿನ ಒಂದು ಸಣ್ಣಕ್ಷರದಿಂದ ಶುರುವಾಗಬೇಕು, ಮಧ್ಯೆ ಒಂದು ಅಡ್ಡಗೆರೆ ಇರಬೇಕು. ಉಳಿದದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯಲು ನಿಯಮದಲ್ಲಿ ಅಡ್ಡಿಯಿಲ್ಲ. ಹಾಗೆ ಬರೆದವರನ್ನು ಮಾತ್ರ ನಾನು ಇನ್ನೂ ನೋಡಿಲ್ಲ.

ಈಗ ಎಕರೆ ಗುಂಟೆಗೆ ಬರೋಣ. ಈ ಸಭೆಯಲ್ಲಿ ಯಾರನ್ನು ಕೇಳಿದರೂ ಎಕರೆಗೆ ನಲವತ್ತು ಗುಂಟೆ ಎನ್ನುತ್ತಾರೆ. ಗುಂಟೆಗೆ ಸಾವಿರದ ಎಂಬತ್ತೊಂಬತ್ತು ಚದರಡಿ, ಅಂದರೆ ಮೂವತ್ತು-ನಲವತ್ತು ಸೈಟಿಗಿಂತ ಸ್ವಲ್ಪ ಕಮ್ಮಿ. ಬ್ರೌಸರಿಗೆ ಇದೊಂದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ, ದಶಮಾಂಶ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಚುಕ್ಕಿಯಿಟ್ಟೋ ಗೆರೆಯಿಟ್ಟೋ ಬರೆಯುವ ರೂಢಿ ಇದೆಯಲ್ಲ, ಆ ಚುಕ್ಕಿಯನ್ನು ಕಂಡ ಕೂಡಲೇ ಯಂತ್ರ ಅದನ್ನು ದಶಮಾಂಶ ಎಂದು ತಿಳಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಒಂದು ಸರ್ವೆ ನಂಬರಿನಲ್ಲಿ 1 ಎಕರೆ 38 ಗುಂಟೆ, ಪಕ್ಕದ ಹಿಸ್ಸಾದಲ್ಲಿ 5 ಗುಂಟೆ. ಕೂಡಿದರೆ 2 ಎಕರೆ 3 ಗುಂಟೆ ಎಂದು ಮಾಗಡಿ ಸಂತೆಯಲ್ಲಿ ನಿಂತ ಯಾವ ರೈತನಾದರೂ ಬಾಯಲ್ಲೇ ಹೇಳುತ್ತಾನೆ. ಸಂಖ್ಯೆ ತುಂಬುವ ಸಾಮಾನ್ಯ ಪೆಟ್ಟಿಗೆಯಲ್ಲಿ 1.38 ಮತ್ತು 0.05 ಎಂದು ಹಾಕಿದರೆ ಯಂತ್ರ 1.43 ಎನ್ನುತ್ತದೆ. ಅದನ್ನು ಮುಂದಿನ ಪುಟ ಎಕರೆಯ ದಶಮಾಂಶವೆಂದು ಓದಿಕೊಂಡರೆ ಸಿಗುವುದು 1 ಎಕರೆ 17 ಗುಂಟೆ ಚಿಲ್ಲರೆ. ಹೆಚ್ಚುಕಮ್ಮಿ 26 ಗುಂಟೆ ನೆಲ ಯಾರೂ ಮುಟ್ಟದೆ ಮಾಯವಾಯಿತು. ಬಿಡದಿಯ ಕಡೆ 26 ಗುಂಟೆ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದಿದೆ. 1 ಎಕರೆ 10 ಗುಂಟೆಯನ್ನು 1.10 ಎಂದು ಬರೆದಿರಿ. ಯಂತ್ರಕ್ಕೆ 1.10 ಬೇರೆ 1.1 ಬೇರೆ ಅಲ್ಲ, ಕೊನೆಯ ಸೊನ್ನೆಯನ್ನು ಅದು ಉಳಿಸಿಕೊಳ್ಳುವುದಿಲ್ಲ. ಮತ್ತೆ ತೆರೆದು ನೋಡಿದಾಗ 1.1 ಎಂದು ಕಾಣುತ್ತದೆ, ಗುಮಾಸ್ತರು ಅದನ್ನು 1 ಎಕರೆ 1 ಗುಂಟೆ ಎಂದು ಓದುತ್ತಾರೆ. ಯಾರೂ ಮೋಸ ಮಾಡಲಿಲ್ಲ, ಎಲ್ಲೂ ಕೆಂಪು ಅಕ್ಷರದಲ್ಲಿ ತಪ್ಪು ಎಂದು ಬರಲಿಲ್ಲ. ಇನ್ನು 'ಒಂದೂವರೆ ಎಕರೆ' ಎಂದು ಬಾಯಲ್ಲಿ ಹೇಳಿದ್ದನ್ನು 1.5 ಎಂದು ತುಂಬಿದರೆ, ಅದು 1 ಎಕರೆ 20 ಗುಂಟೆಯೋ 1 ಎಕರೆ 5 ಗುಂಟೆಯೋ ಎಂಬುದು ತುಂಬಿದವರ ಮನಸ್ಸಿನಲ್ಲಷ್ಟೇ ಇರುತ್ತದೆ.

ಪಹಣಿಯನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆ ಎರಡು ದಶಕ ದಾಟಿದೆ, ಅಲ್ಲಿ ಎಕರೆ ಗುಂಟೆಯ ಲೆಕ್ಕ ಮೊದಲಿನಿಂದಲೂ ಇದೆ. ನನ್ನ ಚಿಂತೆ ಅದರ ಹೊರಗಿನದು. ಸಹಕಾರ ಸಂಘದ ಬೆಳೆ ಸಾಲದ ಅರ್ಜಿ, ಹನಿ ನೀರಾವರಿ ಸಹಾಯಧನದ ನಮೂನೆ, ಹಿಪ್ಪುನೇರಳೆ ತೋಟದ ವಿವರ, ಖಾಸಗಿ ಸರ್ವೆಯವರ ತಂತ್ರಾಂಶ, ನೀವು ಅಂತಿಮ ವರ್ಷದಲ್ಲಿ ಮಾಡುವ ಪ್ರಾಜೆಕ್ಟು, ಎಲ್ಲ ಕಡೆಯೂ ಇದೇ ವಿಸ್ತೀರ್ಣವನ್ನು ಮತ್ತೆ ಕೇಳುತ್ತಾರೆ. ಪ್ರತಿಯೊಬ್ಬರೂ ಮೊದಲಿಂದ ಬರೆಯುತ್ತಾರೆ. ನಿಯಮ ನಮ್ಮದು, ಬ್ರೌಸರಿಗೆ ಗೊತ್ತಿಲ್ಲ, ಹತ್ತು ಕಡೆ ಬೇಕು, ತಪ್ಪಿದರೆ ನಷ್ಟವಿದೆ. ಘಟಕ ಕಟ್ಟಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣದು.

ಕಟ್ಟುವುದಾದರೆ ಹೇಗೆ? ಟ್ಯಾಗಿನ ಒಳಗೆ ಬ್ರೌಸರಿನದೇ ಆದ ಎರಡು ಸಾದಾ ಪೆಟ್ಟಿಗೆ ಇಡಿ, ಒಂದರ ಮೇಲೆ ಎಕರೆ, ಇನ್ನೊಂದರ ಮೇಲೆ ಗುಂಟೆ ಎಂದು ಬರೆಯಿರಿ. ಒಳಗಡೆ ಎಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕದಲ್ಲಿ ಇಟ್ಟುಕೊಳ್ಳಿ: 1 ಎಕರೆ 38 ಗುಂಟೆ ಎಂದರೆ 78. ಕೂಡುವುದು ಕಳೆಯುವುದು ಎಲ್ಲ ಆ ಲೆಕ್ಕದಲ್ಲೇ ನಡೆಯಲಿ, ಜನರಿಗೆ ತೋರಿಸುವಾಗ ಮಾತ್ರ ಎಕರೆಗೆ ತಿರುಗಿಸಿ. ಗುಂಟೆಯ ಪೆಟ್ಟಿಗೆಯಲ್ಲಿ ಯಾರಾದರೂ 45 ಎಂದು ಬರೆದರೆ ಸದ್ದಿಲ್ಲದೆ 1 ಎಕರೆ 5 ಗುಂಟೆ ಮಾಡಬೇಡಿ. 'ಇದು 1 ಎಕರೆ 5 ಗುಂಟೆಯೇ?' ಎಂದು ಕೇಳಿ. 4 ಎಂದು ಬರೆಯಲು ಹೋಗಿ ಬೆರಳು ಜಾರಿ 45 ಆಗಿರಬಹುದಲ್ಲ.

ಬೇಕಾದ ಹಾಗೆ ಬದಲಿಸಿಕೊಳ್ಳುವ ಅನುಕೂಲ, ಅಂದರೆ ಕಸ್ಟಮೈಸ್ ಮಾಡುವುದು, ಎಷ್ಟಿರಬೇಕು ಎಂಬಲ್ಲಿ ನಾನು ಸ್ವಲ್ಪ ಜಿಪುಣ. ಅಕ್ಷರದ ಗಾತ್ರ, ಬಣ್ಣ ಸಂಸ್ಥೆ ಸಂಸ್ಥೆಗೆ ಬೇರೆ ಇರಲಿ. ಅದಕ್ಕೆ ಪುಟದ ಅಲಂಕಾರದ ಭಾಷೆಯಾದ ಸಿಎಸ್‌ಎಸ್ ವೇರಿಯಬಲ್‌ಗಳ ದಾರಿ ತೆರೆದಿಡಿ. ಪೆಟ್ಟಿಗೆಯ ಮೇಲೆ 'ವಿಸ್ತೀರ್ಣ' ಎಂದು ಬರೆಯಬೇಕೋ 'ನಿಮ್ಮ ಜಮೀನು ಎಷ್ಟು?' ಎಂದು ಬರೆಯಬೇಕೋ ಎಂಬುದನ್ನು ಬಳಸುವವರಿಗೆ ಬಿಡಿ. ಅದಕ್ಕೆ ಸ್ಲಾಟ್ ಎಂಬ ಖಾಲಿ ಜಾಗ ಇದೆ. ಒಂದು ಪುಟದಲ್ಲಿ ಗರಿಷ್ಠ ಇಷ್ಟೇ ಎಕರೆ ಎಂಬ ಮಿತಿ ಬೇಕಾದರೆ ಒಂದು ಅಟ್ರಿಬ್ಯೂಟ್, ಅಂದರೆ ಟ್ಯಾಗಿನಲ್ಲೇ ಬರೆಯುವ ಸೂಚನೆ, ಕೊಡಿ. ಆದರೆ ಎಕರೆಗೆ ನಲವತ್ತು ಎಂಬುದನ್ನು ಯಾರ ಕೈಗೂ ಕೊಡಬೇಡಿ. ನಾನು ಕಂಡಂತೆ ಘಟಕಗಳು ಕೆಡುವುದು ಇಲ್ಲೇ. ಮೊದಲು ಒಬ್ಬರು ಬಂದು ಇದೊಂದು ಆಯ್ಕೆ ಸೇರಿಸಿ ಎನ್ನುತ್ತಾರೆ, ಆಮೇಲೆ ಇನ್ನೊಬ್ಬರು. ವರ್ಷ ಕಳೆಯುವುದರಲ್ಲಿ ಮೂವತ್ತು ಅಟ್ರಿಬ್ಯೂಟ್ ಆಗಿ, ಒಂದನ್ನು ಬದಲಿಸಿದರೆ ಇನ್ನೊಂದು ಮುರಿಯುತ್ತದೆ. ಬಳಸುವವರು ಕೈಪಿಡಿ ಓದುವ ಬದಲು ತಾವೇ ಹೊಸದನ್ನು ಬರೆಯುವುದು ವಾಸಿ ಅಂದುಕೊಳ್ಳುತ್ತಾರೆ. ಅಲ್ಲಿಗೆ ಘಟಕ ಕಟ್ಟಿದ ಉದ್ದೇಶವೇ ಹೋಯಿತು.

ಎರಡನೆಯ ಉದಾಹರಣೆಗೆ ನಾವು ಕೂತಿರುವ ಈ ನೆಲವನ್ನೇ ತೆಗೆದುಕೊಳ್ಳೋಣ. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆ ಒಡೆದು ಇದು ಬೆಂಗಳೂರು ಗ್ರಾಮಾಂತರವಾಯಿತು. 2007ರ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. ಆಮೇಲೆ ಹಾರೋಹಳ್ಳಿ ಐದನೆಯ ತಾಲ್ಲೂಕಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು, ಜಿಲ್ಲಾ ಕೇಂದ್ರ ರಾಮನಗರವೇ ಉಳಿಯಿತು. ಹೆಸರು ಬದಲಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ವೆಬ್ ಕೆಲಸದವರಿಗೆ ಅದರಿಂದ ಎದ್ದ ಪ್ರಶ್ನೆ ಬೇರೆ: ಎಷ್ಟು ನಮೂನೆಗಳ ಎಷ್ಟು ಆಯ್ಕೆ ಪಟ್ಟಿಗಳಲ್ಲಿ 'ರಾಮನಗರ' ಎಂದು ಕೈಯಿಂದ ಬರೆದಿಟ್ಟಿದ್ದಾರೋ ಅಷ್ಟೂ ಕಡೆ ತಿದ್ದಬೇಕು. ಬ್ಯಾಂಕು, ವಿಮೆ, ಕೊರಿಯರ್, ಕಾಲೇಜು ಪ್ರವೇಶ, ಗ್ಯಾಸ್ ಬುಕಿಂಗ್ ಎಲ್ಲವೂ ಇದರಲ್ಲಿ ಬಂತು.

ಸುಮ್ಮನೆ ಹುಡುಕಿ ಬದಲಿಸಿದರೆ ಹೊಸ ತೊಡಕು. ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಮೊದಲೇ ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವಿದೆ, ಅದು ಈ ಜಿಲ್ಲೆಯದಲ್ಲ. 2025ರಲ್ಲೇ ಬೆಂಗಳೂರು ಮಹಾನಗರ ಐದು ಪಾಲಿಕೆಗಳಾದಾಗ ಅದರಲ್ಲೂ ಒಂದು ದಕ್ಷಿಣ ಬಂತು. ರಾಮನಗರವಂತೂ ಜಿಲ್ಲೆಯ ಹೆಸರಾಗಿ ಹೋದರೂ ತಾಲ್ಲೂಕಾಗಿ, ಊರಾಗಿ ಇದ್ದೇ ಇದೆ. ಹೋಬಳಿಗೆ ಇಳಿದರೆ ಇನ್ನೂ ಸೊಗಸು: ರಾಮನಗರಕ್ಕೂ ಒಂದು ಕಸಬಾ, ಚನ್ನಪಟ್ಟಣಕ್ಕೂ ಒಂದು ಕಸಬಾ, ಕನಕಪುರಕ್ಕೂ ಮಾಗಡಿಗೂ ಒಂದೊಂದು ಕಸಬಾ. ಹೆಸರನ್ನೇ ಗುರುತಾಗಿ ಇಟ್ಟುಕೊಂಡ ತಂತ್ರಾಂಶಕ್ಕೆ ಯಾವ ಕಸಬಾ ಎಂದು ಗೊತ್ತಾಗುವುದು ಹೇಗೆ? ವಾಹನದ ನಂಬರು ಈ ಗೊಂದಲಕ್ಕೆ ಸಿಕ್ಕುವುದಿಲ್ಲ ನೋಡಿ. ಕೆಎ 42 ಎಂಬುದು ಸಂಕೇತ, ಜಿಲ್ಲೆಗೆ ಯಾವ ಹೆಸರಿಟ್ಟರೂ ಅದಕ್ಕೇನೂ ಆಗಬೇಕಾಗಿಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ನಡೆಸುವ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮಗಳಿಗೆ ಇಂಥದೇ ಸಂಕೇತಗಳಿವೆ. ಘಟಕದ ಒಳಗೆ ಇಟ್ಟುಕೊಳ್ಳಬೇಕಾದದ್ದು ಆ ಸಂಕೇತವನ್ನು.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದಾದ ಮೇಲೊಂದು ಆಯ್ಕೆ ಮಾಡಿಸುವುದಕ್ಕೆ ಒಂದು ಘಟಕ ಬೇಕೇ ಎಂದರೆ, ಬೇಕು. ಒಂದನ್ನು ಆರಿಸಿದ ಮೇಲೆ ಮುಂದಿನದು ತುಂಬಬೇಕು, ಮೇಲಿನದನ್ನು ಬದಲಿಸಿದರೆ ಕೆಳಗಿನದು ಖಾಲಿಯಾಗಬೇಕು ಎಂಬ ನಿಯಮ ಬ್ರೌಸರಿಗೆ ಗೊತ್ತಿಲ್ಲ. ಆದರೆ ಊರಿನ ಪಟ್ಟಿಯನ್ನು ಘಟಕದ ಹೊಟ್ಟೆಯಲ್ಲಿ ತುಂಬಬೇಡಿ. ಪಟ್ಟಿ ಒಂದು ಕಡೆಯಿಂದ ಬರಲಿ, ಘಟಕ ಆರಿಸುವ ಕೆಲಸವನ್ನಷ್ಟೇ ಮಾಡಲಿ. ಜೊತೆಗೆ 'ಯಾವ ದಿನಾಂಕಕ್ಕೆ' ಎಂದು ಕೇಳುವ ಒಂದು ಅಟ್ರಿಬ್ಯೂಟ್ ಇರಲಿ. 2010ರಲ್ಲಿ ಕೊಟ್ಟ ಜಾತಿ ಪ್ರಮಾಣಪತ್ರದಲ್ಲಿ ರಾಮನಗರ ಜಿಲ್ಲೆ ಎಂದೇ ಇರುತ್ತದೆ, 1990ರ ಶಾಲಾ ದಾಖಲೆಯಲ್ಲಿ ಬೆಂಗಳೂರು ಗ್ರಾಮಾಂತರ ಎಂದಿರುತ್ತದೆ. ಅವುಗಳನ್ನು ತುಂಬುವವರು ತಮ್ಮ ಕೈಲಿರುವ ಕಾಗದದಲ್ಲಿ ಇರುವುದನ್ನೇ ಪರದೆಯ ಮೇಲೆ ಕಾಣಬೇಕು.

ಇನ್ನು ಕಟ್ಟಬಾರದ್ದಕ್ಕೆ ಬರುತ್ತೇನೆ. ಇಲ್ಲಿ ಬೇಗ ಬೇಗ ಹೇಳುತ್ತೇನೆ, ಏಕೆಂದರೆ ಬೇಡ ಎನ್ನಲು ಹೆಚ್ಚು ಮಾತು ಬೇಕಿಲ್ಲ.

ಸಾದಾ ಆಯ್ಕೆ ಪಟ್ಟಿ ನೋಡಲು ಚೆನ್ನಾಗಿಲ್ಲ ಎಂದು ಜಗತ್ತಿನ ಅರ್ಧ ಕಂಪನಿಗಳು ತಮ್ಮದೇ ಪಟ್ಟಿ ಕಟ್ಟಿಕೊಂಡವು. ಬಾಣದ ಕೀಲಿ ಕೆಲಸ ಮಾಡದ, ಫೋನಿನಲ್ಲಿ ಪರದೆಯಾಚೆ ಜಾರಿಹೋಗುವ, ಪರದೆ ಓದುವ ತಂತ್ರಾಂಶದ ಮುಂದೆ ಮೂಕವಾಗುವ ಪಟ್ಟಿಗಳು ಅವು. 2025ರಲ್ಲಿ ಕ್ರೋಮ್ ತನ್ನ 135ನೆಯ ಆವೃತ್ತಿಯಲ್ಲಿ ಬ್ರೌಸರಿನ ಆಯ್ಕೆ ಪಟ್ಟಿಯನ್ನೇ ಬೇಕಾದ ಹಾಗೆ ಸಿಂಗರಿಸುವ ಅವಕಾಶ ಕೊಟ್ಟಿತು. ಬೆಂಬಲವಿಲ್ಲದ ಬ್ರೌಸರಿನಲ್ಲಿ ಅದೇ ಟ್ಯಾಗು ಹಳೆಯ ಸಾದಾ ಪಟ್ಟಿಯಾಗಿ ಕಾಣುತ್ತದೆ, ಕೆಲಸ ನಿಲ್ಲುವುದಿಲ್ಲ. ಪುಟದ ಮೇಲೆ ತೆರೆದುಕೊಳ್ಳುವ ಸಂವಾದ ಪೆಟ್ಟಿಗೆಯ ಕಥೆಯೂ ಇದೇ: 2022ರ ಮಾರ್ಚ್‌ನ ಹೊತ್ತಿಗೆ ಡಯಲಾಗ್ ಟ್ಯಾಗು ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಬಂತು. ನೋಟಕ್ಕಾಗಿ ಕಟ್ಟಿದ್ದನ್ನು ಬ್ರೌಸರು ಇವತ್ತಲ್ಲ ನಾಳೆ ತಾನೇ ಕೊಡುತ್ತದೆ. ಎಕರೆ ಗುಂಟೆಯನ್ನು ಬ್ರೌಸರು ಮಾಡುವ ಕ್ಯಾಲಿಫೋರ್ನಿಯಾದವರು ಎಂದೂ ಕೊಡುವುದಿಲ್ಲ.

ಹುಟ್ಟಿದ ದಿನಾಂಕಕ್ಕೆ ತೂಗಾಡುವ ಕ್ಯಾಲೆಂಡರ್ ಬೇಡ. ಎಪ್ಪತ್ತು ವರ್ಷದ ಅಜ್ಜಿ ತನ್ನ ಹುಟ್ಟಿದ ವರ್ಷಕ್ಕೆ ಹೋಗಲು ತಿಂಗಳು ತಿಂಗಳಾಗಿ ಹಿಂದೆ ಒತ್ತುತ್ತಾ ಕೂರಬೇಕೇ? ಬ್ರಿಟನ್ ಸರ್ಕಾರದ ವಿನ್ಯಾಸ ಕೈಪಿಡಿ ಇಂಥ ಕಡೆ ದಿನ, ತಿಂಗಳು, ವರ್ಷಕ್ಕೆ ಮೂರು ಸಾದಾ ಪೆಟ್ಟಿಗೆ ಇಡಲು ಹೇಳುತ್ತದೆ. ಹೆಸರಿಗೂ ಅಷ್ಟೆ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಪೆಟ್ಟಿಗೆ ಇರುವ ಘಟಕವನ್ನು ಹೊರಗಿನಿಂದ ತಂದು ಕೂರಿಸಿದರೆ, ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಇನಿಷಿಯಲ್ಲಾಗಿ ಇಟ್ಟುಕೊಂಡ ನಮ್ಮವರು ಕೊನೆಯ ಹೆಸರಿನಲ್ಲಿ ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಒಂದೇ ಪೆಟ್ಟಿಗೆ, 'ಪೂರ್ಣ ಹೆಸರು', ಸಾಕು. ಕರಗದ ಹಬ್ಬಕ್ಕೋ ಕಾಲೇಜು ವಾರ್ಷಿಕೋತ್ಸವಕ್ಕೋ ಒಂದು ಸಲ ಮಾಡಿ ಬಿಡುವ ಪುಟಕ್ಕೂ ಘಟಕ ಬೇಡ.

ಒಂದು ಅಪವಾದವಿದೆ, ಅಕ್ಷರ ಎಣಿಸುವುದು. 'ಚನ್ನಪಟ್ಟಣ' ಎಂಬಲ್ಲಿ ನಮ್ಮ ಮಕ್ಕಳು ಐದಕ್ಷರ ಎಣಿಸುತ್ತಾರೆ. ಒತ್ತಕ್ಷರಗಳನ್ನು ಹಲಂತ ಚಿಹ್ನೆಯಿಟ್ಟು ಬಿಡಿಸಿ ಇಟ್ಟುಕೊಳ್ಳುವ ಯಂತ್ರಕ್ಕೆ ಅದು ಒಂಬತ್ತು. ಐವತ್ತು ಅಕ್ಷರದ ಮಿತಿ ಎಂದು ಬ್ರೌಸರಿಗೆ ಹೇಳಿದರೆ ಕನ್ನಡದಲ್ಲಿ ವಿಳಾಸ ಬರೆಯುವವರು ಮೂವತ್ತರ ಸುಮಾರಿಗೇ ಗೋಡೆಗೆ ಹಾಯುತ್ತಾರೆ. ಕನ್ನಡದ ಲೆಕ್ಕದಲ್ಲಿ ಎಣಿಸುವ ಘಟಕವೊಂದನ್ನು ಯಾರಾದರೂ ಕಟ್ಟಿದರೆ ನಾನು ಸಂತೋಷದಿಂದ ಬಳಸುತ್ತೇನೆ. ಆದರೆ ಬರೆಯುವ ಪೆಟ್ಟಿಗೆಯನ್ನೇ ಹೊಸದಾಗಿ ಕಟ್ಟಲು ಹೋಗಬೇಡಿ. ಫೋನಿನ ಕನ್ನಡ ಕೀಲಿಮಣೆ ಅಕ್ಷರ ಕೂಡಿಸುವ ರೀತಿ ಬಹಳ ನಾಜೂಕು, ಮಧ್ಯೆ ಕೈಹಾಕಿದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಬೀಳುತ್ತದೆ.

ರೇಷ್ಮೆಗೂಡಿನ ಮಾರುಕಟ್ಟೆಯ ಊರಿನವರು ಇ-ಹರಾಜಿನ ಬಗ್ಗೆ ಕೇಳದೆ ಬಿಡುವುದಿಲ್ಲ ಎಂದು ಗೊತ್ತು. ಗೂಡು ಕೊಳ್ಳುವ ರೀಲರು ಫೋನಿನಲ್ಲಿ ಕಿಲೋಗೆ ಇಷ್ಟು ಎಂದು ಬೆಲೆ ಕೂಗುವ ಪುಟವನ್ನು ನೀವು ಮಾಡಬೇಕಾಗಿ ಬಂದರೆ ಘಟಕ ಕಟ್ಟುತ್ತೀರಾ? ನಾನಾದರೆ ಒಂದು ಸಾದಾ ಸಂಖ್ಯೆ ಪೆಟ್ಟಿಗೆ, ಒಂದು ಸಾದಾ ಬಟನ್ನು ಇಟ್ಟು ಸುಮ್ಮನಾಗುತ್ತೇನೆ. ಅಲ್ಲಿನ ನಿಯಮಗಳು ದೊಡ್ಡವು: ಯಾರದು ಹೆಚ್ಚಿನ ಕೂಗು, ಸಮಯ ಮುಗಿಯಿತೇ, ರೈತ ಆ ಬೆಲೆಗೆ ಒಪ್ಪಿದನೇ. ಆದರೆ ಅವು ಸರ್ವರಿನಲ್ಲಿ ತೀರ್ಮಾನವಾಗಬೇಕಾದವು, ಪುಟದಲ್ಲಿ ಅಲ್ಲ. ಪುಟದಲ್ಲಿ ಮಾಡುವ ಯಾವ ಪರೀಕ್ಷೆಯೂ ತುಂಬುವವರಿಗೆ ನೆರವಾಗಲಿಕ್ಕೆ ಮಾತ್ರ. ಎಕರೆ ಗುಂಟೆಯನ್ನೂ ಸರ್ವರು ಮತ್ತೊಮ್ಮೆ ನೋಡಲೇಬೇಕು.

ಕಟ್ಟಿದ ಮೇಲಿನ ಹೊಣೆಯ ಬಗ್ಗೆ ಎರಡು ಮಾತು. ಕೀಲಿಮಣೆಯಿಂದ ನಡೆಯುವುದು, ಓದಿ ಹೇಳಿಸುವುದು ಇವನ್ನು ಆಮೇಲೆ ಸೇರಿಸೋಣ ಎನ್ನುವವರು ಚನ್ನಪಟ್ಟಣದ ಗೊಂಬೆ ಮಾಡುವುದನ್ನು ಒಮ್ಮೆ ನೋಡಬೇಕು. ಅಲ್ಲಿ ಬಣ್ಣವನ್ನು ಆಮೇಲೆ ಬಳಿಯುವುದಿಲ್ಲ. ಆಲೆ ಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಯಂತ್ರದಿಂದ ಇಳಿಸಿದ ಮೇಲೆ ಆ ಕೆಲಸ ಆಗದು. ತುಂಬಿದ್ದನ್ನು ಅರ್ಜಿಯ ಜೊತೆ ಕಳಿಸುವುದೂ ನಮ್ಮ ಹೊಣೆ: ಬಹಳ ದಿನ ನಾವು ಕಟ್ಟಿದ ಟ್ಯಾಗಿನಲ್ಲಿ ತುಂಬಿದ್ದು ಸಾದಾ ಪೆಟ್ಟಿಗೆಯಲ್ಲಿ ತುಂಬಿದ್ದರ ಹಾಗೆ ತಾನಾಗಿ ಹೋಗುತ್ತಿರಲಿಲ್ಲ. ಅದಕ್ಕೆ ಬೇಕಾದ ಸೌಲಭ್ಯ ಕ್ರೋಮ್‌ಗೆ 2019ರಲ್ಲೇ ಬಂದರೂ ಸಫಾರಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ, 16.4ನೆಯ ಆವೃತ್ತಿಯೊಂದಿಗೆ. ಇನ್ನು ಕನಕಪುರದಾಚೆ ಸಂಗಮ, ಮೇಕೆದಾಟಿನ ದಾರಿಯಲ್ಲಿ ಸಿಗ್ನಲ್ ಅರ್ಧಕ್ಕೆ ಹೋಗಿ ಜಾವಾಸ್ಕ್ರಿಪ್ಟ್ ಬಂದು ತಲುಪದಿದ್ದರೆ, ನೀವು ಕಟ್ಟಿದ ಟ್ಯಾಗು ಖಾಲಿ ಜಾಗವಾಗಿ ಕಾಣುತ್ತದೆ. ಟ್ಯಾಗಿನ ಒಳಗೆ ಸಾದಾ ಪೆಟ್ಟಿಗೆ ಇಡಿ ಎಂದು ಆಗಲೇ ಹೇಳಿದ್ದು ಇದಕ್ಕೇ: ಏನೂ ಬಾರದಿದ್ದರೂ ಆ ಎರಡು ಪೆಟ್ಟಿಗೆ ಇರುತ್ತವೆ, ತುಂಬಿ ಕಳಿಸಬಹುದು, ಕೂಡುವ ಲೆಕ್ಕ ಸರ್ವರು ಮಾಡಿಕೊಳ್ಳುತ್ತದೆ.

ಈ ಎಕರೆ ಗುಂಟೆಯ ಘಟಕವನ್ನು ಈ ಕಾಲೇಜಿನ ವಿದ್ಯಾರ್ಥಿಗಳೇ ಕಟ್ಟಿ, ಯಾರು ಬೇಕಾದರೂ ಬಳಸುವ ಮುಕ್ತ ಪರವಾನಗಿಯಲ್ಲಿ ಇಡಲಿ ಎಂಬುದು ನನ್ನ ಕೋರಿಕೆ. ಬರೆಯುವ ಮೊದಲು ಪರೀಕ್ಷೆಯ ಪಟ್ಟಿ ಮಾಡಿಕೊಳ್ಳಿ. 1 ಎಕರೆ 10 ಗುಂಟೆ ಉಳಿಸಿ ತೆರೆದರೆ ಹಾಗೇ ಇರಬೇಕು. 1 ಎಕರೆ 39 ಗುಂಟೆಗೆ 1 ಗುಂಟೆ ಕೂಡಿದರೆ 2 ಎಕರೆ ಆಗಬೇಕು. ಗುಂಟೆಯ ಜಾಗ ಖಾಲಿ ಬಿಟ್ಟರೆ ಅದು ಸೊನ್ನೆಯೋ ಗೊತ್ತಿಲ್ಲವೋ ಎಂದು ಕೇಳಬೇಕು. ಕನ್ನಡ ಅಂಕಿಯಲ್ಲಿ ೧೦ ಎಂದು ಬರೆದರೂ ಒಪ್ಪಬೇಕು, ಅದಕ್ಕಾಗಿ ಪೆಟ್ಟಿಗೆ ಸಂಖ್ಯೆಯದಲ್ಲ, ಪಠ್ಯದ್ದಾಗಿರಲಿ, ಫೋನಿನಲ್ಲಿ ಅಂಕಿಗಳ ಕೀಲಿಮಣೆ ತೆರೆಯುವಂತೆ ಸೂಚನೆಯಷ್ಟೇ ಕೊಡಿ.

ಆಣೆಯ ಪ್ರಶ್ನೆ ಉಳಿಯಿತು. ಗುಂಟೆಗೆ ಹದಿನಾರು ಆಣೆ. ಅಣ್ಣತಮ್ಮಂದಿರ ಭಾಗವಾಗಿ ಚೂರಾದ ಹಿಸ್ಸಾಗಳ ಪಹಣಿಯಲ್ಲಿ ಅದು ಇನ್ನೂ ಕಾಣುತ್ತದೆ. ಸಾಲದ ಅರ್ಜಿಗೆ ಅದು ಬೇಡ, ಜಮೀನು ಭಾಗ ಮಾಡಿ ಅಳೆಯುವ ಪೋಡಿಗೆ ಬೇಕು. ಹಾಗಾಗಿ ಮೂರನೆಯ ಪೆಟ್ಟಿಗೆ ಮುಚ್ಚಿಯೇ ಇರಲಿ, ಬೇಕೆಂದವರು ಒಂದು ಅಟ್ರಿಬ್ಯೂಟ್ ಬರೆದು ತೆರೆದುಕೊಳ್ಳಲಿ. ಆದರೆ ಒಳಗಿನ ಲೆಕ್ಕವನ್ನು ಮೊದಲ ದಿನದಿಂದಲೇ, ನಾನು ಆಗಲೇ ಹೇಳಿದ ಗುಂಟೆಯ ಬದಲು, ಆಣೆಯಲ್ಲಿ ಇಡುವುದೇ ಒಳ್ಳೆಯದು; ಆಗ 1 ಎಕರೆ 38 ಗುಂಟೆ ಎಂದರೆ 78 ಅಲ್ಲ, 1,248. ಇದಕ್ಕೆ ಒಪ್ಪದವರು ಪ್ರಶ್ನೋತ್ತರದ ಹೊತ್ತಿನಲ್ಲಿ ವಾದಿಸಬಹುದು.